ಕಡಲ ಹಕ್ಕಿಯ ನೆತ್ತಿಗೆ ಹರಳೆಣ್ಣೆ

ಹೊರಡುವ ಮುನ್ನ

ನಾನು ಹುಟ್ಟಿದ್ದು ಹಂಪಸಾಗರದಲ್ಲಿ. ಮದುವೆಯಾಗಿ ಹಗರಿಬೊಮ್ಮನಹಳ್ಳಿಗೆ ಬಂದ ಮೇಲೆ ಹತ್ತಿರದಲ್ಲೇ ಅಂಕಸಮುದ್ರ. ಒಂದು ಊರಿನ ಹೆಸರಿನಲ್ಲಿ ಸಾಗರ, ಇನ್ನೊಂದರಲ್ಲಿ ಸಮುದ್ರ. ಎರಡರಲ್ಲೂ ಉಪ್ಪುನೀರಿನ ಒಂದು ಹನಿಯಿಲ್ಲ. ನಿಜವಾದ ಸಮುದ್ರ ನೋಡಲು ನಾನು ಅರವತ್ತೊಂದು ವರ್ಷ ಕಾದು, ವೇಲ್ಸ್ ದೇಶದವರೆಗೆ ಹೋಗಬೇಕಾಯಿತು. ಗೋವಾ ಪಕ್ಕದಲ್ಲೇ ಇತ್ತಲ್ಲ ಎಂದು ನೀವು ಕೇಳಬಹುದು. ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವರಾರೂ ಹಾಗೆ ಕೇಳುವುದಿಲ್ಲ.

ಚಿಗಟೇರಿಯಿಂದ ಶುರುವಾಗಿ ನಾಲ್ಕಾರು ಊರು ಸುತ್ತಿದ ನರ್ಸು ನಾನು. ಹೆಸರು ಶಾಂತವ್ವ. ಎಷ್ಟು ಕೂಸುಗಳಿಗೆ ನೀರು ಹಾಕಿದ್ದೇನೋ ಲೆಕ್ಕವಿಲ್ಲ. ಕಾಲು ಚಾಚಿ ಮಣೆಯ ಮೇಲೆ ಕೂತು, ಮೊಣಕಾಲ ಕೆಳಗೆ ಕೂಸನ್ನು ಮಲಗಿಸಿಕೊಂಡು, ಮುಖಕ್ಕೆ ನೀರು ಬೀಳದಂತೆ ಅಂಗೈ ಅಡ್ಡ ಹಿಡಿದು ಎರೆಯುವುದು ನನ್ನ ಅವ್ವ ಕಲಿಸಿದ ವಿದ್ಯೆ. ನರ್ಸಿಂಗ್ ಪುಸ್ತಕದಲ್ಲಿ ಅದಿರಲಿಲ್ಲ. ಆದರೂ ವಾರ್ಡಿನಲ್ಲಿ ಅದನ್ನೇ ಮಾಡಿದೆ, ಡಾಕ್ಟರಮ್ಮ ನೋಡಿಯೂ ನೋಡದಂತೆ ಹೋಗುತ್ತಿದ್ದರು.

ನನ್ನ ತಂಗಿ ಬಸಮ್ಮ ಕೊಟ್ಟೂರಿನಲ್ಲಿದ್ದಾಳೆ. ಅವಳ ಮಗಳು ಶೈಲಾ ನನ್ನ ದಾರಿಯಲ್ಲೇ ನಡೆದು ನರ್ಸಾಗಿ, ವೇಲ್ಸಿನ ಸಣ್ಣದೊಂದು ಕಡಲೂರಿನ ಆಸ್ಪತ್ರೆ ಸೇರಿದ್ದಳು. "ದೊಡ್ಡವ್ವ, ಒಂದ್ ತಿಂಗ್ಳು ಬಾ, ನಿಂಗ ಸಮುದ್ರ ತೋರಸ್ತೀನಿ" ಎಂದು ಟಿಕೆಟ್ಟು ಕಳಿಸಿದಳು. ಬಸಮ್ಮ ಮಗಳಿಗೆಂದು ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ನನಗೆಂದು ಗಾಣದ ಹರಳೆಣ್ಣೆಯ ಬಾಟಲಿ ಕೊಟ್ಟಳು. "ಅಲ್ಲಿ ಚಳಿಗೆ ಮೈ ಒಡಿತೈತಂತ. ದಿನಾ ಹಚ್ಕೊ" ಎಂದಳು.

ಹೊರಡುವ ವಾರದಲ್ಲೇ ಶೈಲಾ ಫೋನು ಮಾಡಿ, "ಇಲ್ಲಿ ಹಡಗೊಂದು ಬಂಡಿಗಲ್ಲಿಗೆ ಬಡದು ಸಮುದ್ರದ ತುಂಬ ಎಣ್ಣಿ ಚೆಲ್ಲೈತಿ" ಎಂದಳು. ಪಕ್ಕದಲ್ಲಿದ್ದ ಬಸಮ್ಮ ಎರಡೂ ಕೆನ್ನೆ ಬಡಿದುಕೊಂಡಳು. "ಯವ್ವಾ, ಎಣ್ಣಿ ಚೆಲ್ಲಬಾರದಬೇ, ಕೆಟ್ಟಾಗತೈತಿ. ಪ್ರಯಾಣ ಮುಂದಕ್ಕ ಹಾಕು." ನಾನು ನಕ್ಕು ಸೂಟ್‌ಕೇಸಿನ ಜಿಪ್ಪು ಎಳೆದೆ.

ಮೊದಲ ದಿನ: ದಂಡೆ

ಗಂಗೆಯ ಮುಂದೆ ಚಪ್ಪಲಿ ಹಾಕಿಕೊಂಡು ನಿಲ್ಲುವ ಪೈಕಿ ನಾನಲ್ಲ. ಶೈಲಾ ಕಾರು ನಿಲ್ಲಿಸುತ್ತಿದ್ದಂತೆ ಬೂಟು, ಕಾಲುಚೀಲ ಕಳಚಿ, ಸೀರೆ ಎತ್ತಿ ಹಿಡಿದು ನೀರಿನ ಕಡೆಗೆ ನಡೆದೇಬಿಟ್ಟೆ. ಹಿಂದಿನಿಂದ ಅವಳು ಕೂಗುತ್ತಿದ್ದಳು. ಗಾಳಿಯ ಸದ್ದಿನಲ್ಲಿ ಏನೂ ಕೇಳಲಿಲ್ಲ. ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲೆಂದು ಬಗ್ಗಿದಾಗ ಕಾಲು ನೆಲ ಬಿಟ್ಟು ಬರಲಿಲ್ಲ. ನೋಡಿದರೆ ಹೊಸದಾಗಿ ಹಾಕಿದ ರೋಡಿನ ಮೇಲೆ ನಿಂತಿದ್ದೇನೆ. ಪಾದದಡಿ ಕರ್ರಗಿನ ಡಾಂಬರು, ಬೆರಳ ಸಂದಿಯಲ್ಲೆಲ್ಲ ಮೆತ್ತಿಕೊಂಡಿತ್ತು.

ದಂಡೆಯುದ್ದಕ್ಕೂ ಅಲೆ ಬಂದು ಹೋದ ಗುರುತು ಕಪ್ಪಗೆ ಗೆರೆ ಎಳೆದಂತಿತ್ತು. ಬಿಳಿ ಅಂಗಿ ತೊಟ್ಟವರು ಸಲಿಕೆಯಿಂದ ಮರಳು ಕೆರೆದು ಚೀಲಕ್ಕೆ ತುಂಬುತ್ತಿದ್ದರು. ಬಂಡೆಗಳ ಹತ್ತಿರ ಕೆಲವರು ಮಂಡಿಯೂರಿ ಕೂತು ಬಟ್ಟೆಯಿಂದ ಕಲ್ಲು ಒರೆಸುತ್ತಿದ್ದರು. ಒಂದು ಕಲ್ಲು ಒರೆಸಿ ಇಟ್ಟು ಇನ್ನೊಂದು ತೆಗೆದುಕೊಳ್ಳುವರು. ನಮ್ಮ ಗುಡೇಕೋಟೆಯ ಗುಡ್ಡದ ಕಲ್ಲುಗಳನ್ನು ಒಂದೊಂದಾಗಿ ಒರೆಸಲು ಕೂತರೆ ಹೇಗಿರುತ್ತದೆ, ಹಾಗೆ. ಮೀನು ದೋಣಿಗಳೆಲ್ಲ ಹಗ್ಗ ಕಟ್ಟಿಸಿಕೊಂಡು ನಿಂತಿದ್ದವು. ಸೀಮೆಎಣ್ಣೆ ಸ್ಟೋವು ಹೊತ್ತಿಸಿದ ವಾಸನೆ ಊರೆಲ್ಲ ತುಂಬಿತ್ತು.

ಶೈಲಾ ನನ್ನ ಪಾದ ನೋಡಿ ತಲೆ ಚಚ್ಚಿಕೊಂಡಳು. ಮನೆಯಲ್ಲಿ ಸೋಪು ಹಾಕಿ ತಿಕ್ಕಿದಳು, ಹೋಗಲಿಲ್ಲ. ನಾನು ಸೂಟ್‌ಕೇಸಿನಿಂದ ಹರಳೆಣ್ಣೆ ತೆಗೆದು ಸವರಿ ಒರೆಸಿದೆ. ಡಾಂಬರು ಕರಗಿ ಬಟ್ಟೆಗೆ ಬಂತು. "ನೋಡಿದೇನು? ಅದಕ್ಕ ಮದ್ದು ಇದ ಐತಿ" ಎಂದು ಬೀಗಿದೆ. ಆ ಬೀಗುವಿಕೆ ಮುಂದೆ ನನಗೆ ದುಬಾರಿಯಾಯಿತು.

ಇಲ್ಲಿ ಒಂದು ಮಾತು. ಅವರು ಎಣ್ಣೆ ಎನ್ನುತ್ತಿದ್ದರು, ಆದರೆ ನನ್ನ ತಲೆ ಅದನ್ನು ಎಣ್ಣೆ ಎಂದು ಒಪ್ಪಲೇ ಇಲ್ಲ. ಎಣ್ಣೆ ಅಂದರೆ ದೀಪಕ್ಕೆ, ನೆತ್ತಿಗೆ, ಬಾಣಂತಿಯ ಬೆನ್ನಿಗೆ. ಕಡಲಲ್ಲಿದ್ದದ್ದು ಡಾಂಬರು. ಎರಡನ್ನೂ ಬೇರೆ ಬೇರೆ ಗೂಡಿನಲ್ಲಿಟ್ಟು ಬಾಗಿಲು ಹಾಕಿಕೊಂಡಿದ್ದೆ.

ಮೂರನೇ ದಿನ: ಹಕ್ಕಿಗಳ ಆಸ್ಪತ್ರೆ

ರಜೆಯ ದಿನ ಶೈಲಾ ಹಕ್ಕಿ ತೊಳೆಯಲು ಹೋಗುತ್ತಿದ್ದಳು. ಊರ ಹೊರಗಿನ ದೊಡ್ಡ ತಗಡಿನ ಶೆಡ್ಡದು. ಸಾಲು ಸಾಲು ರಟ್ಟಿನ ಡಬ್ಬಿಗಳು, ಪ್ರತಿಯೊಂದರಲ್ಲೂ ಒಂದು ಕರಿ ಮುದ್ದೆ. ಕಣ್ಣು ಪಿಳುಕಿಸಿದಾಗಷ್ಟೇ ಅದು ಹಕ್ಕಿ ಎಂದು ತಿಳಿಯುತ್ತಿತ್ತು. ಕೊಕ್ಕಿನಿಂದ ಪುಕ್ಕ ನೀಟು ಮಾಡಿಕೊಳ್ಳಲು ಹೋಗಿ ಅವು ಆ ವಿಷವನ್ನು ನುಂಗುತ್ತಿದ್ದವು. ಪುಕ್ಕದೊಳಗೆ ನೀರು ಇಳಿದು ಚಳಿ ಹತ್ತಿ, ತೇಲಲಾಗದೆ ದಡಕ್ಕೆ ಬಂದು ಬೀಳುತ್ತಿದ್ದವು. ಬಂದ ಕೂಡಲೇ ತೊಳೆಯುವಂತಿಲ್ಲ. ಮೊದಲು ನಳಿಗೆಯಿಂದ ನೀರು, ಮೀನಿನ ಗಂಜಿ ಕೊಟ್ಟು ಜೀವ ಕೂಡಿಸಬೇಕು. ರಕ್ತ ಕಮ್ಮಿಯಿರುವ ಬಸುರಿಯನ್ನು ಸಂಭಾಳಿಸಿದ ಹಾಗೆಯೇ ಅನಿಸಿ ನನಗೆ ಧೈರ್ಯ ಬಂತು.

ಮೇಲ್ವಿಚಾರಕಿ ಮೇಗನ್, ನಲವತ್ತರ ಬಿಗಿಮುಖದ ಹೆಂಗಸು. ನನ್ನ ಹೆಸರು ಅವಳ ಬಾಯಲ್ಲಿ "ಸ್ಯಾಂಟಾ" ಆಯಿತು. ಅದು ಅವರ ಕ್ರಿಸ್ಮಸ್ ತಾತನ ಹೆಸರಂತೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ಇಂಗ್ಲಿಷು ಹೆರಿಗೆ ವಾರ್ಡಿನ ಇಂಗ್ಲಿಷು. ಪುಶ್, ಬ್ರೀದ್, ವೆಯ್ಟ್, ನೋ ಫುಡ್, ಇಷ್ಟರಲ್ಲಿ ಮೂವತ್ತು ವರ್ಷ ದೂಡಿದವಳು ಒಂದು ತಿಂಗಳು ದೂಡಲಾರೆನೇ? ಅವರು ಆಡಿದ್ದನ್ನು ಶೈಲಾ ಕನ್ನಡದಲ್ಲಿ ಹೇಳುತ್ತಿದ್ದಳು.

ಮೊದಲೆರಡು ಗಂಟೆ ಟವೆಲು ಒಗೆಸಿದರು. ಆಮೇಲೆ ಕೈ ಕಮ್ಮಿಬಿದ್ದಾಗ ಶೈಲಾ ನನ್ನ ಚರಿತ್ರೆಯೆಲ್ಲ ಹೇಳಿ ಹಕ್ಕಿ ಹಿಡಿಯಲು ಒಪ್ಪಿಸಿದಳು. ಕೈಗವಸು, ಏಪ್ರನ್ನು, ಕಣ್ಣಿಗೆ ಕನ್ನಡಕ ಹಾಕಿಸಿದರು. ನನ್ನ ಕೈಗೆ ಬಂದದ್ದು ಗಿಲ್ಲಿಮಾಟ್ ಎಂಬ ಹಕ್ಕಿ. ನನ್ನ ಬಾಯಲ್ಲಿ ಅದು ಗಿಲ್ಲವ್ವ ಆಯಿತು. ಸ್ಯಾಂಟಾಕ್ಕೆ ಸರಿಹೋಯಿತು.

ತಿಂಗಳು ತುಂಬದೆ ಹುಟ್ಟಿದ ಕೂಸಿನಷ್ಟೂ ತೂಕವಿಲ್ಲ, ಆದರೆ ಸಿಟ್ಟು ಮಾತ್ರ ಪೊಲೀಸಿನವರದು. ಕೊಕ್ಕಿನಿಂದ ಕುಕ್ಕಿ ಗವಸು ಹರಿಯಿತು. ನಾನು ಅಂಗೈಯನ್ನು ಅದರ ಕಣ್ಣಿಗೆ ಅಡ್ಡ ಹಿಡಿದೆ. ಅಭ್ಯಾಸ, ಬೇರೇನೂ ಅಲ್ಲ. ಗಿಲ್ಲವ್ವ ಸುಮ್ಮನಾಯಿತು. ಮೇಗನ್ ಒಮ್ಮೆ ನನ್ನ ಮುಖ ನೋಡಿ, ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಅದನ್ನು ತೊಳೆಯತೊಡಗಿದಳು. ಒಂದು ತೊಟ್ಟಿ ಕಪ್ಪಾದರೆ ಇನ್ನೊಂದು, ಅದೂ ಕಪ್ಪಾದರೆ ಮತ್ತೊಂದು. ಕೊನೆಗೆ ಗ್ವಿನ್ ಎಂಬ ಮುದುಕರು ಪೈಪಿನಿಂದ ನೀರು ಹೊಡೆದು ಸೋಪು ಬಿಡಿಸಿದರು. ಅವರು ಮೊದಲು ಬಸ್ ಡ್ರೈವರ್ ಆಗಿದ್ದರಂತೆ. ನಮ್ಮ ಕೂಡ್ಲಿಗಿ ಬಸ್ಸಿನ ಡ್ರೈವರುಗಳ ಹಾಗೆಯೇ ಯಾರ ಜೊತೆಗೂ ಮಾತಾಡದೆ, ತಮ್ಮಷ್ಟಕ್ಕೆ ಹಾಡು ಗುನುಗುತ್ತಾ ಕೆಲಸ ಮಾಡುವವರು. ಪುಕ್ಕದ ಮೇಲೆ ನೀರು ಮುತ್ತಾಗಿ ಉರುಳಿ ಬೀಳುವವರೆಗೂ ಅವರು ಪೈಪು ಬಿಡಲಿಲ್ಲ.

ಕರಿ ಮುದ್ದೆಯೊಳಗಿಂದ ಬಿಳಿ ಹೊಟ್ಟೆಯ, ಕಾಫಿಬೀಜದ ಬಣ್ಣದ ಬೆನ್ನಿನ ಚೆಲುವೆ ಹೊರಬಂದಳು. ಕಾಲಿಗೆ ಹಸಿರು ಉಂಗುರ ಹಾಕಿದರು. ನನಗೆ ಕಣ್ಣೀರು ಬಂತು.

ನಾಲ್ಕನೇ ದಿನ: ತಪ್ಪು

ಸೋಪಿನ ನೀರಿಗೂ ಚಳಿಗೂ ನನ್ನ ಕೈ ಒಡೆದು ಗೆರೆ ಬಿದ್ದಿದ್ದವು. ಮಧ್ಯಾಹ್ನ ರೊಟ್ಟಿ ತಿಂದು, ಸ್ವೆಟರಿನ ಜೇಬಿನಲ್ಲಿದ್ದ ಬಾಟಲಿ ತೆಗೆದು ಹರಳೆಣ್ಣೆ ಸವರಿಕೊಂಡೆ. ಅಂಗೈ ತಣ್ಣಗಾಯಿತು. ಹಾಗೇ ಗಿಲ್ಲವ್ವನನ್ನು ನೋಡಿಕೊಂಡು ಬರೋಣವೆಂದು ಹಕ್ಕಿಗಳನ್ನು ಒಣಗಲು ಬಿಟ್ಟಿದ್ದ ಗೂಡಿನ ಬಳಿ ಹೋದೆ.

ಬಿಸಿಗಾಳಿಗೆ ಪುಕ್ಕ ಒಣಗಿ ತಲೆಯ ಮೇಲೆ ಕೆದರಿ ನಿಂತಿತ್ತು. ನಮ್ಮ ಕಡೆ ಒಣ ನೆತ್ತಿಯ ಕೂಸನ್ನು ಯಾರೂ ನೋಡಿ ಸುಮ್ಮನಿರುವುದಿಲ್ಲ. ಎರೆದು ಒರೆಸಿದ ಮೇಲೆ ಅಂಗೈಯಲ್ಲಿ ಉಳಿದ ಎಣ್ಣೆಯನ್ನು ನೆತ್ತಿಗೆ ಒತ್ತಿ, "ನೂರು ವರ್ಷ ಬಾಳು" ಅನ್ನಬೇಕು. ಅಂದೆ. ಮೂರು ಸಲ ಸವರಿದೆ, ನೆತ್ತಿಯಿಂದ ಕತ್ತಿನವರೆಗೆ. ನನ್ನ ಕೈ ಅದನ್ನು ಮಾಡಿತು, ನಾನು ನೋಡುತ್ತಾ ನಿಂತಿದ್ದೆ. ತಪ್ಪು ಅನ್ನುವುದು ಹೋಗಲಿ, ಪುಣ್ಯದ ಕೆಲಸ ಎಂದೇ ಅನಿಸಿತು. ಗಿಲ್ಲವ್ವ ಕುಕ್ಕಲೂ ಇಲ್ಲ.

ಆರನೇ ದಿನ: ಕೊಳ

ಒಣಗಿದ ಹಕ್ಕಿಗಳನ್ನು ಒಂದು ಕೊಳಕ್ಕೆ ಬಿಟ್ಟು ಪರೀಕ್ಷೆ ಮಾಡುತ್ತಾರೆ. ಪುಕ್ಕ ಸರಿಯಿದ್ದರೆ ಹಕ್ಕಿ ದೋಣಿಯಂತೆ ಎತ್ತರಕ್ಕೆ ತೇಲುತ್ತದೆ, ಮೈಗೆ ನೀರು ತಾಕುವುದಿಲ್ಲ. ಪಾಸಾದವು ಮಾತ್ರ ಕಡಲಿಗೆ. ಉಳಿದವೆಲ್ಲ ಎತ್ತರಕ್ಕೆ ತೇಲಿದವು. ಹಸಿರು ಉಂಗುರದ ನನ್ನ ಗಿಲ್ಲವ್ವ ಮಾತ್ರ ಕುತ್ತಿಗೆಯವರೆಗೆ ಮುಳುಗಿ, ತಲೆ ಒದ್ದೆಯಾಗಿ ನಡುಗುತ್ತಾ ಅಂಚಿಗೆ ಬಂದು ನಿಂತಿತು. ಅಲ್ಲಿ ನಿಂತು ಪುಕ್ಕ ತೀಡಿಕೊಳ್ಳತೊಡಗಿತ್ತು, ತೀಡಿದಷ್ಟೂ ಒದ್ದೆ ಎದೆಯ ಕಡೆಗೆ ಹರಡುತ್ತಿತ್ತು.

ಗ್ವಿನ್ ಟೊಪ್ಪಿಗೆ ತೆಗೆದರು. "ನನ್ನದೇ ತಪ್ಪು. ಸರಿಯಾಗಿ ಜಾಲಿಸಲಿಲ್ಲ. ಕಣ್ಣು ಮಂಜಾಗುತ್ತಿವೆ, ಇನ್ನು ಪೈಪು ಬೇರೆಯವರಿಗೆ ಕೊಡು" ಎಂದು ಮೇಗನ್‌ಗೆ ಹೇಳಿ ಏಪ್ರನ್ನಿನ ಗಂಟು ಬಿಚ್ಚತೊಡಗಿದರು.

ಆಗ ನನ್ನ ಎರಡು ಗೂಡುಗಳ ನಡುವಿನ ಬಾಗಿಲು ತೆರೆಯಿತು. ಡಾಂಬರೋ ಹರಳೆಣ್ಣೆಯೋ, ಪುಕ್ಕಕ್ಕೆ ಎರಡೂ ಒಂದೇ. ನಾನು ನೆತ್ತಿಗೆ ಹಚ್ಚಿದ್ದನ್ನು ಅದು ತೀಡಿ ತೀಡಿ ಮೈಗೆಲ್ಲ ಹರಡಿಕೊಂಡಿತ್ತು. ಶೈಲಾಳನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವಳ ಮುಖ ಬಿಳಿಚಿತು.

"ಸುಮ್ನಿರು ದೊಡ್ಡವ್ವ. ಯಾರೂ ನೋಡಿಲ್ಲ. ನೀ ಊರಿಗೆ ಹೊಕ್ಕಿ, ನಾ ಇಲ್ಲೇ ಬಾಳೇವು ಮಾಡ್ಬೇಕು. ನಮ್ ಮಂದಿ ಎಲ್ಲಾ ಹಿಂಗ ಅಂತ ಇವ್ರು ಆಡ್ಕೋತಾರ."

"ಆ ಮುದ್ಯಾ ಏಪ್ರನ್ ಬಿಚ್ಚಾಕತ್ಯಾನ ನೋಡು. ನಾ ಮಾಡಿದ್ದು ಅವ್ನ ತಲಿಗ್ಯಾಕ ಬರಬೇಕು?"

"ಮತ್ತ ತೊಳದ್ರ ಆತಲ್ಲ?"

"ಎದರಿಂದ ಕೆಟ್ಟೈತಿ ಅಂತ ಗೊತ್ತಿಲ್ದ ಹೆಂಗ ತೊಳಿತಾರ?"

ವಾರ್ಡಿನಲ್ಲಿ ಒಮ್ಮೆಯೂ ನಾನು ಕೊಟ್ಟ ಇಂಜೆಕ್ಷನ್ನನ್ನು ಬೇರೆಯವರ ಹೆಸರಿಗೆ ಬರೆದವಳಲ್ಲ. ಮೇಗನ್ ಮುಂದೆ ನಿಂತು ಬಾಟಲಿ ಎತ್ತಿ ಹಿಡಿದೆ. "ಮೈ ಹ್ಯಾಂಡ್. ಮೈ ಆಯಿಲ್. ಗ್ವಿನ್ ಗುಡ್. ಐ ಬ್ಯಾಡ್" ಎಂದೆ. ನೆತ್ತಿ ಸವರುವುದನ್ನು ನನ್ನ ತಲೆಯ ಮೇಲೇ ಮಾಡಿ ತೋರಿಸಿದೆ. ಉಳಿದದ್ದನ್ನು ಶೈಲಾ ತಲೆ ತಗ್ಗಿಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದಳು.

ಮೇಗನ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಟಲಿ ಮೂಸಿ ನೋಡಿ, ಮುಚ್ಚಳ ಬಿಗಿದು, ಕಪಾಟಿನಲ್ಲಿಟ್ಟು ಬೀಗ ಹಾಕಿದಳು. "ಮತ್ತೆ ತೊಳೆಯಬೇಕು. ಅದಕ್ಕೆ ಈಗ ಶಕ್ತಿಯಿಲ್ಲ. ಎರಡನೇ ತೊಳೆತ ಬಹಳ ಹಕ್ಕಿಗಳು ತಡೆಯುವುದಿಲ್ಲ. ಕೆಲವು ದಿನ ಮೀನು ತಿನ್ನಿಸಿ ನೋಡೋಣ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀವು ಹಕ್ಕಿ ಮುಟ್ಟಬೇಡಿ" ಎಂದಳು. ಗ್ವಿನ್ ಮಾತ್ರ ನನ್ನ ಭುಜ ತಟ್ಟಿ, ಏಪ್ರನ್ನಿನ ಗಂಟನ್ನು ಮತ್ತೆ ಕಟ್ಟಿಕೊಂಡರು.

ಟವೆಲುಗಳ ವಾರ

ಶೈಲಾ ಲಂಡನ್ ತೋರಿಸುತ್ತೇನೆಂದಳು. ರಾಣಿಯ ಅರಮನೆ, ದೊಡ್ಡ ಗಡಿಯಾರ ಎಲ್ಲ ಇದೆಯಂತೆ. ಇರಲಿ, ನಾನು ಹೋಗಲಿಲ್ಲ. ನಾನು ಕೆಡಿಸಿದ ಹಕ್ಕಿ ಗುಣವಾಗದೆ ಈ ಊರು ಬಿಡುವುದಿಲ್ಲ ಎಂದು ತೀರ್ಮಾನಿಸಿದ್ದೆ.

ದಿನಾ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಶೆಡ್ಡಿಗೆ ಹೋಗಿ ಟವೆಲು ಒಗೆದೆ. ತಲೆಗೆ ಎಣ್ಣೆ ಹಚ್ಚುವುದನ್ನೇ ಬಿಟ್ಟೆ. ಕೈಗೆ ಹಚ್ಚುವುದನ್ನೂ ಬಿಟ್ಟೆ. ಹುಟ್ಟಿದಾಗಿನಿಂದ ಎಣ್ಣೆ ಕಾಣದೆ ಒಂದು ವಾರ ಕಳೆದವಳಲ್ಲ. ಕೂದಲು ಜೋಳದ ಒಣಗರಿಯ ರವುದಿಯ ಹಾಗೆ ಹಾರಾಡತೊಡಗಿತು. ವಿಡಿಯೋ ಕಾಲಿನಲ್ಲಿ ನೋಡಿ ಬಸಮ್ಮ ಹೌಹಾರಿದಳು. "ಯಾಕಬೇ ಹುಚ್ಚಿ ಆದಂಗ ಆಗೀದಿ? ಎಣ್ಣಿ ಖಾಲಿ ಆತೇನು?" ಎಂದಳು. "ಎಣ್ಣಿ ಐತಿ, ಜೈಲಿನಾಗ ಐತಿ" ಎಂದೆ. ಕೈಯ ಬಿರುಕುಗಳಲ್ಲಿ ರಕ್ತ ಜಿನುಗಿತು. ಗವಸು ಹಾಕಿಕೊಂಡು ಒಗೆದೆ.

ದೂರದಿಂದ ಗಿಲ್ಲವ್ವ ಮೀನು ನುಂಗುವುದನ್ನು ನೋಡುತ್ತಿದ್ದೆ. ಮೊದಲೆರಡು ದಿನ ನಳಿಗೆಯಲ್ಲೇ ಕೊಟ್ಟರು. ಮೂರನೇ ದಿನ ತಾನೇ ಒಂದು ಮೀನು ಎತ್ತಿತು. ಕೂಸು ಮೊಲೆ ಹಿಡಿದಷ್ಟು ಖುಷಿಯಾಗಿ ಶೆಡ್ಡಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಎರಡನೇ ತೊಳೆತ

ಆ ಬೆಳಿಗ್ಗೆ ಕಡಲಿನಿಂದ ಹೊಸ ಹಕ್ಕಿಗಳು ಬಂದು ಎಲ್ಲರ ಕೈ ತುಂಬಿತ್ತು. ಮೇಗನ್ ಹಸಿರು ಉಂಗುರದ ಹಕ್ಕಿಯನ್ನು ಮೇಜಿಗೆ ತಂದಳು. ಹಿಡಿದ ಹುಡುಗಿಯ ಕೈಯಲ್ಲಿ ಅದು ಹುಚ್ಚೆದ್ದು ಒದ್ದಾಡಿತು. ಉಳಿದ ಅಷ್ಟು ಶಕ್ತಿಯನ್ನೂ ಅಲ್ಲೇ ಖರ್ಚು ಮಾಡುವ ಹಾಗೆ ಕಂಡಿತು. ಗ್ವಿನ್ ಪೈಪು ಕೆಳಗಿಟ್ಟು, "ಅದು ಸುಮ್ಮನಿದ್ದದ್ದು ಆ ಹೆಂಗಸಿನ ಕೈಯಲ್ಲಿ ಮಾತ್ರ" ಎಂದರು.

ಮೇಗನ್ ನನ್ನ ಮುಂದೆ ಬಂದು ನಿಂತಳು. ಎರಡೂ ಅಂಗೈ ಚಾಚಲು ಹೇಳಿದಳು. ಬಗ್ಗಿ ಮೂಸಿದಳು. ಹೆಣ್ಣು ನೋಡಲು ಬಂದವರೂ ನನ್ನನ್ನು ಅಷ್ಟು ಪರೀಕ್ಷೆ ಮಾಡಿರಲಿಲ್ಲ. ಬಿರುಕುಗಳನ್ನು ನೋಡಿ, "ಬನ್ನಿ" ಎಂದಳು.

"ಟೇಬಲ್ ನೋ. ಫ್ಲೋರ್" ಎಂದೆ. ನಿಂತು ಎರೆದರೆ ನನ್ನ ಕೈಗೆ ಬಲ ಬರುವುದಿಲ್ಲ. ಕಾಲು ಚಾಚಿ ನೆಲಕ್ಕೆ ಕೂತೆ. ತೊಟ್ಟಿಯನ್ನು ಕಾಲುಗಳ ನಡುವೆ ಇಟ್ಟುಕೊಂಡು, ಎರಡು ಗವಸು ಹಾಕಿಕೊಂಡು ಗಿಲ್ಲವ್ವನನ್ನು ಹಿಡಿದೆ. ಅಂಗೈಯನ್ನು ಕಣ್ಣಿಗೆ ಅಡ್ಡ ಹಿಡಿದೆ. ಮೇಗನ್ ನನ್ನೆದುರು ಮಂಡಿಯೂರಿದಳು. ನೆತ್ತಿ, ಕತ್ತು, ಎದೆ ಎಂದು ಎಳೆ ಎಳೆಯಾಗಿ ಸೋಪು ಹಾಕುತ್ತಾ ಹೋದಳು. ನಾನು ಪ್ರೀತಿಯಿಂದ ಹಚ್ಚಿದ್ದನ್ನು ಅವಳು ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆಯುತ್ತಿದ್ದಳು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಎರಡನೇ ತೊಟ್ಟಿಯಲ್ಲಿ ಅದರ ಕತ್ತು ವಾಲಿತು. ಗವಸಿನೊಳಗಿಂದಲೂ ಎದೆ ಬಡಿತ ಬಿಟ್ಟು ಬಿಟ್ಟು ಬರುವುದು ತಿಳಿಯುತ್ತಿತ್ತು. ಮೇಗನ್ ಕೈ ನಿಂತಿತು. ನಿಲ್ಲಿಸಿದರೆ ಸೋಪು ಉಳಿಯುತ್ತದೆ, ಮುಂದುವರಿಸಿದರೆ ಜೀವ ಹೋಗಬಹುದು. ಅವಳು ನನ್ನನ್ನು ನೋಡಿದಳು. ಆ ನೋಟ ನನಗೆ ಗೊತ್ತು, ಎಷ್ಟೋ ಡಾಕ್ಟರುಗಳು ನನ್ನನ್ನು ಹಾಗೆ ನೋಡಿದ್ದಾರೆ. "ವಾಶ್" ಎಂದೆ. ಗಿಲ್ಲವ್ವನ ಕಿವಿಯೆಲ್ಲಿದೆಯೋ ತಿಳಿಯದೆ ತಲೆಯ ಹತ್ತಿರ ಬಗ್ಗಿ, "ಬ್ರೀದ್, ಬ್ರೀದ್. ಉಸಿರು ತಗೋ ನನ್ನವ್ವಾ, ಬಿಡಬ್ಯಾಡ" ಎನ್ನುತ್ತಾ ಹೋದೆ. ಗ್ವಿನ್ ನೆಲಕ್ಕೇ ಕೂತು ಪೈಪು ಹಿಡಿದರು. ಅವತ್ತು ಅವರು ಗುನುಗಲಿಲ್ಲ.

ನೀರು ಮುತ್ತಾಗಿ ಉರುಳತೊಡಗಿತು, ಮೊದಲು ಬೆನ್ನಿನಿಂದ, ಕೊನೆಗೆ ತಲೆಯಿಂದ. ಒಣ ಟವೆಲಿನಲ್ಲಿ ಸುತ್ತಿದಾಗ ಗಿಲ್ಲವ್ವ ಕತ್ತೆತ್ತಿ ನನ್ನ ಹೆಬ್ಬೆರಳನ್ನು ಬಲವಾಗಿ ಕುಕ್ಕಿತು. ಅಷ್ಟು ಚೆನ್ನಾಗಿರುವ ನೋವು ನಾನು ಕಂಡಿಲ್ಲ.

ಕೊನೆಯ ದಿನ: ಮತ್ತೆ ದಂಡೆ

ಕೊಳದಲ್ಲಿ ನಾಲ್ಕು ದಿನ ಕಳೆದು, ಎತ್ತರಕ್ಕೆ ತೇಲಿ ಗಿಲ್ಲವ್ವ ಪಾಸಾಯಿತು. ನನ್ನ ವಿಮಾನದ ಹಿಂದಿನ ದಿನ ಹಕ್ಕಿಗಳನ್ನು ಬಿಡುವುದೆಂದಾಯಿತು. ಕಪ್ಪಾಗದೆ ಉಳಿದಿದ್ದ ಬೇರೊಂದು ದಂಡೆಗೆ ಡಬ್ಬಿಗಳನ್ನು ಹೊತ್ತೊಯ್ದೆವು. ಅಲ್ಲಿಂದ ನೋಡಿದರೆ ದೂರದ ಬಂಡೆಗಳ ಬಳಿ ಬಿಳಿ ಅಂಗಿಯವರು ಇನ್ನೂ ಕಲ್ಲು ಒರೆಸುತ್ತಲೇ ಇದ್ದರು. ಆ ಕೆಲಸ ಎಂದು ಮುಗಿಯುತ್ತದೆಂದು ಕೇಳಿದರೆ ಮೇಗನ್ ಭುಜ ಕುಣಿಸಿ, "ನಾಳೆ ಮತ್ತೆ ಬರುತ್ತೇವೆ" ಎಂದಳು.

ಸಾಲಾಗಿ ಡಬ್ಬಿ ತೆರೆದರು. ಹಕ್ಕಿಗಳು ಒಂದರ ಹಿಂದೊಂದು ಪುಟಪುಟ ನಡೆದು ನೀರಿಗೆ ಬಿದ್ದವು. ಹಸಿರು ಉಂಗುರದ ಡಬ್ಬಿಯ ಮುಚ್ಚಳವನ್ನು ಮೇಗನ್ ನನಗೆ ಬಿಟ್ಟಳು. ತೆರೆದೆ. ಗಿಲ್ಲವ್ವ ಹೊರಗೆ ಬಂತು, ನೀರಿನ ಕಡೆಗೆ ಎರಡು ಹೆಜ್ಜೆ ಇಟ್ಟಿತು, ನಿಂತಿತು. ಆಮೇಲೆ ತಿರುಗಿ ನಡೆದು ಬಂದು ನನ್ನ ಬೂಟಿನ ಪಕ್ಕದಲ್ಲೇ ನಿಂತುಬಿಟ್ಟಿತು. ಗಾಳಿಗೆ ಅದರ ನೆತ್ತಿಯ ಪುಕ್ಕ ಕೆದರುತ್ತಿತ್ತು.

ತವರಿಂದ ಮಗಳನ್ನು ಕಳಿಸುವಾಗ ತಲೆ ಸವರದೆ ಕಳಿಸುವವರುಂಟೇ? ಬಲಗೈ ತಾನಾಗಿ ಕೆಳಗೆ ಹೋಯಿತು. ಶೈಲಾ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು. ನಾನು ಆ ಕೈಯನ್ನು ಎಡಗೈಯಿಂದ ಹಿಡಿದು ಬೆನ್ನ ಹಿಂದಕ್ಕೆ ಎಳೆದುಕೊಂಡೆ, ಅಲ್ಲೇ ಗಟ್ಟಿಯಾಗಿ ಹಿಡಿದು ನಿಂತೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಕೈ ಬಿಡಲಿಲ್ಲ.

"ಹೋಗವ್ವಾ, ಹೋಗು" ಎಂದೆ. "ನಾ ಮುಟ್ಟಂಗಿಲ್ಲ."

ಗಿಲ್ಲವ್ವ ತಿರುಗಿ ನೀರಿಗಿಳಿದು ಹೋಯಿತು.